ನಾಲಿಗೆಯ ಮನೆ

ಮಾರ್ಚ್ 3

ಹನ್ನೆರಡು ವರ್ಷದಿಂದ ಅಂಧರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಬ್ರೈಲ್ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದೇನೆ. ಮೇಲಿನ ಮಹಡಿಗೆ ನನ್ನನ್ನು ಯಾರೂ ಕರೆದದ್ದಿಲ್ಲ. ಇವತ್ತು ಮೇಡಂ ಕರೆದರು. ಬೆರಳಿನ ಅಂಟನ್ನೂ ತೊಳೆಯದೆ ಓಡಿದೆ.

ಮೇಲೆ ಇರುವುದು ಧ್ವನಿಮುದ್ರಣದ ಕೋಣೆ. ಅಲ್ಲಿ ಅಕ್ಕ ಕೂತು ಓದುತ್ತಿದ್ದಳು, ಕಣ್ಣಿಲ್ಲದವರು ತಮ್ಮ ತಮ್ಮ ಮನೆಯಲ್ಲಿ ಕೂತು ಕೇಳುತ್ತಿದ್ದರು. ಅವಳು ಹೋಗಿ ಎಂಟು ತಿಂಗಳಾಯಿತು. ಕೊನೆಗೆ ಅವಳು ಹಿಡಿದಿದ್ದು ನಲವತ್ತೊಂದು ಅಧ್ಯಾಯದ ಒಂದು ದಪ್ಪ ಕಾದಂಬರಿ. ಮೂವತ್ತೆಂಟನೆಯ ಅಧ್ಯಾಯದಲ್ಲಿ, ಎಷ್ಟೋ ವರ್ಷದ ಮೇಲೆ ಮಗಳು ಮನೆಗೆ ಮರಳುತ್ತಾಳೆ. "ತಾಯಿ ಬಾಗಿಲು ತೆರೆದು, ಒಳಗೆ ಬಾ ಎಂದು" ಅನ್ನುವಷ್ಟರಲ್ಲಿ ಅಕ್ಕನಿಗೆ ಕೆಮ್ಮು ಬಂತು. ನಾಳೆ ಮುಂದುವರಿಸೋಣ ಎಂದು ಎದ್ದವಳು ಆಸ್ಪತ್ರೆ ಸೇರಿದಳು. ಪುಸ್ತಕದಲ್ಲಿ ಮುಂದಿನ ಪದ "ಹೇಳಿದಳು". ಅದೊಂದನ್ನು ಹೇಳದೆಯೇ ಹೋದಳು.

"ಒಂದು ಪುಸ್ತಕಕ್ಕೆ ಒಂದೇ ದನಿ, ಅದು ಇಲ್ಲಿನ ನಿಯಮ," ಎಂದರು ಮೇಡಂ. "ಬೇರೆಯವರ ಹತ್ರ ಮೊದಲಿಂದ ಓದಿಸ್ಬೇಕು. ಹಳೇದನ್ನ ಅಳಿಸಿಬಿಡ್ತೀವಿ. ನಿಮಗೆ ಮೊದಲೇ ತಿಳಿಸೋಣ ಅಂತ ಕರೆದೆ."

ಮುದ್ರಣ ಮಾಡುವ ಅಣ್ಣ ಅಲ್ಲೇ ಇದ್ದರು. ಕುತ್ತಿಗೆಯಿಂದ ಹೆಡ್‌ಫೋನ್ ಇಳಿಸಿದ್ದನ್ನು ಯಾರೂ ನೋಡಿಲ್ಲವಾದ್ದರಿಂದ ಅವರಿಗೆ ಹೆಡ್‌ಫೋನಣ್ಣ ಅಂತಲೇ ಹೆಸರು. ಅವರು, "ಇವರ ದನಿನೂ ಅದೇ ದನಿ ಮೇಡಂ. ಫೋನಲ್ಲಿ ನಾನೇ ಎಷ್ಟು ಸಲ ಮೋಸ ಹೋಗಿದೀನಿ. ಉಳಿದಿದ್ದು ಮೂರೂವರೆ ಅಧ್ಯಾಯ. ಆ ಒಂದು ಅಕ್ಷರ ಬಿಟ್ರೆ..." ಎಂದು ನನ್ನ ಮುಖ ನೋಡಿ ನಿಲ್ಲಿಸಿದರು.

ಆ ಒಂದು ಅಕ್ಷರ ಳ. ಅದು ನನಗೆ ಬರುವುದಿಲ್ಲ, ಲ ಬರುತ್ತದೆ.

ಏಪ್ರಿಲ್ 14ರವರೆಗೆ ಸಮಯ ಕೊಟ್ಟಿದ್ದಾರೆ. "ಕಲೀತೀನಿ ಮೇಡಂ" ಎಂದೆ. ಪುಣ್ಯಕ್ಕೆ ಆ ಪದದಲ್ಲಿರುವುದು ಲ.

ಇದು ಅಕ್ಕ ಅರ್ಧ ಬರೆದು ಬಿಟ್ಟ ದಿನಚರಿ. ಅವಳ ಪುಟಗಳಿಗೆ ಕ್ಲಿಪ್ಪು ಹಾಕಿ ಮುಚ್ಚಿ, ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಅವಳು ತಾರೀಕಿನ ಜೊತೆ ವಾರವನ್ನೂ ತಪ್ಪದೆ ಬರೆಯುವವಳು. ನನಗೆ ತಾರೀಕು ನೆನಪಿದ್ದರೆ ಅದೇ ಹೆಚ್ಚು.

ಮಾರ್ಚ್ 4

ಹುಟ್ಟುವಾಗ ನನ್ನ ನಾಲಿಗೆ ಕೆಳಗೆ ಅಂಟಿಕೊಂಡಿತ್ತಂತೆ. ಡಾಕ್ಟರು ಕತ್ತರಿಸಿ ಬಿಡಿಸಿದರು. ನಾಲಿಗೆ ಬಿಟ್ಟುಕೊಂಡಿತು, ಅಭ್ಯಾಸ ಬಿಡಲಿಲ್ಲ.

ಮೂರನೆಯ ತರಗತಿಯಲ್ಲಿ ಎದ್ದು ನಿಂತು "ನಿನ್ನೆ ಟೀಚರ್ ಹೇಲಿದ್ರು" ಅಂದಿದ್ದೆ. ಬೆಂಚುಗಳು ಅಲುಗಾಡುವಷ್ಟು ನಕ್ಕರು. ಟೀಚರ್ ಕೂಡ ನಕ್ಕರು, ಪಾಪ, ಅವರ ಮೇಲೇ ಬಂದ ಅಪವಾದ. ಅಕ್ಕ ಮಾತ್ರ ನಗದೆ ನನ್ನನ್ನು ಮನೆಗೆ ಎಳೆದುಕೊಂಡು ಬಂದು, ಕನ್ನಡಿಯ ಮುಂದೆ ನಿಲ್ಲಿಸಿ, ಬಾಯೊಳಗೆ ಬೆರಳು ಹಾಕಿ ನಾಲಿಗೆಯನ್ನು ಮೇಲಕ್ಕೆ ಮಡಿಸಿದಳು. ನಾನು ಕಚ್ಚಿದೆ. ಅಕ್ಕ ಎಡಚಿ, ಅವಳ ಎಡಗೈ ತೋರುಬೆರಳಲ್ಲಿ ಆ ಕಲೆ ಕೊನೆಯವರೆಗೂ ಇತ್ತು.

ಅಮ್ಮ ಆಗ ಬಟ್ಟೆ ಹೊಲಿಯುತ್ತಿದ್ದಳು. ಅವಳ ಕೋಣೆಯ ನೆಲದ ತುಂಬ ಗುಂಡುಸೂಜಿ. ಕೇಳದೆ ಒಳಗೆ ಹೋಗುವ ಹಾಗಿರಲಿಲ್ಲ. ಬಾಗಿಲ ಹೊರಗೆ ನಿಂತು "ಅಮ್ಮಾ, ಒಳಗೆ ಬರ್ಲಾ?" ಅಂದರೆ ದೊಡ್ಡವಳು, "ಒಲಗೆ ಬರ್ಲಾ?" ಅಂದರೆ ಪುಟ್ಟಿ. ದನಿ ಎರಡೂ ಒಂದೇ ಅಚ್ಚು, ಅಮ್ಮನಿಗೆ ಗುರುತು ಸಿಗುತ್ತಿದ್ದದ್ದು ಅದೊಂದರಲ್ಲೇ. ಅಕ್ಕ ಏನಾದರೂ ಒಡೆದು ಬಂದ ದಿನ ಬೇಕೆಂದೇ "ಒಲಗೆ" ಅಂದು ನನ್ನನ್ನು ಬೈಸುತ್ತಿದ್ದಳು. ಅವಳಿಗೆ ನನ್ನ ಲ ಸಲೀಸಾಗಿ ಬರುತ್ತಿತ್ತು. ಅವಳ ಳ ನನಗೆ ಬರಲಿಲ್ಲ.

ಮಾರ್ಚ್ 6

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕ, ಮಾತಿನ ಡಾಕ್ಟರು ಕೂರುತ್ತಾರೆ. ಗಟ್ಟಿ ಹೆಂಗಸು. ನನ್ನ ಮುಂದೆ ಪಾರ್ಶ್ವವಾಯು ಬಡಿದ ಒಬ್ಬ ಮುದುಕರು, ಹಿಂದೆ ಆರು ವರ್ಷದ ಒಂದು ಹುಡುಗಿ. ಮೂವತ್ತೇಳರ ನಾನು ನಡುವೆ.

ನಾಲಿಗೆಗೆ ಎಲುಬಿಲ್ಲ ಅಂತಾರಲ್ಲ ಡಾಕ್ಟರೇ, ಯಾಕೆ ಬಗ್ಗಲ್ಲ, ಎಂದು ಕೇಳಿದೆ. "ಎಲುಬಿಲ್ಲ, ನಿಜ. ಸ್ನಾಯು ಇದೆ. ನಿಮ್ಮ ಅಂಟು ಹಚ್ಚೋ ತೋಳಿಗೆ ಎಷ್ಟು ಶಕ್ತಿ ಬಂದಿದೆ ನೋಡಿ. ನಾಲಿಗೆನೂ ಹಾಗೇ. ಕೆಲಸ ಕೊಡ್ಬೇಕು," ಎಂದರು.

ಕೆಲಸ ಕೊಟ್ಟರು. ಅಂಗುಳಿನ ಮೇಲೆ ಹಿಂದಕ್ಕೆ ಒಂದು ತೊಟ್ಟು ಜೇನು ಹಚ್ಚಿಕೊಂಡು ನಾಲಿಗೆಯ ತುದಿಯಿಂದ ಅದನ್ನು ಹುಡುಕಿ ನೆಕ್ಕಬೇಕು. ಚಮಚದ ಹಿಡಿಯನ್ನು ತುದಿಗೆ ಒತ್ತಿಕೊಂಡು ನೂಕಾಡಬೇಕು. ಕುದುರೆ ಓಡಿದ ಹಾಗೆ ಲೊಟಕ್ ಲೊಟಕ್ ಎಂದು ಐವತ್ತು ಸಲ. ಆಮೇಲೆ ತುದಿಯನ್ನು ಮೇಲಕ್ಕೆ ಹಿಂದಕ್ಕೆ ಮಡಿಸಿ, ಹತ್ತು ಎಣಿಸುವವರೆಗೆ ಹಿಡಿದು, ಜಾರಿಸುತ್ತ "ಅಳ" ಎನ್ನಬೇಕು.

ಹೊರಡುವಾಗ ಒಂದು ಮಾತು ಹೇಳಿದರು. "ಸುಮ್ನಿರುವಾಗ ನಾಲಿಗೆ ಎಲ್ಲಿ ಹೋಗಿ ಕೂರುತ್ತೆ ಗಮನಿಸಿ. ಅದು ನಾಲಿಗೆಯ ಮನೆ." ಬಸ್ಸಿನಲ್ಲಿ ಗಮನಿಸಿದೆ. ನನ್ನದು ಕೆಳಗಿನ ಹಲ್ಲಿಗೆ ಒರಗಿಕೊಂಡು ಸೋಮಾರಿಯಂತೆ ಮಲಗಿರುತ್ತದೆ.

ಮಾರ್ಚ್ 9

ಬರಲಿಲ್ಲ. ನಾಲಿಗೆಯ ಬುಡ ನೋಯುತ್ತಿದೆ. ಜೇನು ಮಾತ್ರ ಅರ್ಧ ಬಾಟಲಿ ಖಾಲಿ.

ಮಾರ್ಚ್ 13

ಹೆಡ್‌ಫೋನಣ್ಣ ಅಕ್ಕನ ಓದನ್ನು ಒಂದು ಪುಟ್ಟ ಯಂತ್ರಕ್ಕೆ ಹಾಕಿಕೊಟ್ಟಿದ್ದಾರೆ. ಕೇಳಿ ಕೇಳಿ ಅಭ್ಯಾಸ ಮಾಡು ಎಂದು. ಊಟದ ಬಿಡುವಿನಲ್ಲಿ ರಟ್ಟಿನ ರಾಶಿಯ ಹಿಂದೆ ಕೂತು ಕಿವಿಗೆ ಹಾಕಿಕೊಂಡೆ. ಮೊದಲು ಬಂದದ್ದು ಮಾತಲ್ಲ, ಉಸಿರು. ಕುರ್ಚಿ ಬಿಟ್ಟು ಎದ್ದೇಬಿಟ್ಟೆ.

ಮತ್ತೆ ಕೂತೆ. ಅಂಗಡಿಗೆ ಹೋದವಳು ಈಗ ಬಂದು ಚಪ್ಪಲಿ ಬಿಡುತ್ತಾಳೆ ಎನ್ನುವಷ್ಟು ಹತ್ತಿರವಿದ್ದಳು. ಹತ್ತಿರವಿದ್ದವಳು ನನ್ನ ಜೊತೆ ಮಾತಾಡುತ್ತಿರಲಿಲ್ಲ, ಅಷ್ಟೇ.

ಬರೆದೇಬಿಡುತ್ತೇನೆ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ನಾನು ಫೋನಿನಲ್ಲಿ ಯಾರಿಗೋ "ನಾಲೆ ಬರ್ತೀನಿ" ಅಂದೆ. ಪಕ್ಕದಲ್ಲಿದ್ದ ಅಕ್ಕ, ಕೆಮ್ಮಿನ ನಡುವೆಯೂ, "ನಾಳೆ, ನಾಳೆ" ಎಂದು ತಿದ್ದಿದಳು. ಮೂವತ್ತು ವರ್ಷದ ಸಿಟ್ಟು ನೆತ್ತಿಗೇರಿತು. "ಸ್ವಲ್ಪ ಬಾಯಿ ಮುಚ್ಚು" ಅಂದೆ. ಅವಳು ಮುಚ್ಚಿದಳು. ಆಸ್ಪತ್ರೆಯಲ್ಲಿ ಮೂಗಿಗೂ ಬಾಯಿಗೂ ಮುಸುಕು ಹಾಕಿದ್ದರು, ಆಮೇಲೆ ಮಾತೇ ಇರಲಿಲ್ಲ. ನಾನು ಅವಳಿಗೆ ಹೇಳಿದ ಕೊನೆಯ ಮಾತು ಅದು. ಅವಳ ದನಿಯನ್ನು ಇನ್ನೊಂದು ಸಲ ಮುಚ್ಚಲು ನಾನು ಬಿಡುವುದಿಲ್ಲ.

ಮಾರ್ಚ್ 15

ಇವತ್ತು ಶ್ರುತಿ ತಾತ ಬಂದಿದ್ದರು. ಕಣ್ಣು ಕಾಣದ ಈ ತಾತ ವಾದ್ಯಗಳಿಗೆ ಶ್ರುತಿ ಕೂಡಿಸುತ್ತಲೇ ಮುದುಕರಾದವರು. ಪುಸ್ತಕಕ್ಕೆಂದು ಶನಿವಾರ ತಪ್ಪದೆ ನಮ್ಮ ನೆಲಮಾಳಿಗೆಗೇ ಬರುತ್ತಾರೆ, ಎಂಟು ತಿಂಗಳಿಂದ ಒಂದೇ ಪ್ರಶ್ನೆ: "ಏನಮ್ಮ, ಒಳಗೆ ಬಂದ್ಲೋ ಇಲ್ವೋ?" ಕಾದಂಬರಿಯ ಆ ಮಗಳು ಅವರ ಪಾಲಿಗೆ ಇನ್ನೂ ಹೊಸ್ತಿಲ ಮೇಲೇ ನಿಂತಿದ್ದಾಳೆ.

"ಬರ್ತಾಲೆ ತಾತ, ಸ್ವಲ್ಪ ತಾಲ್ಮೆ" ಎಂದು ಬೇರೆ ಪುಸ್ತಕ ಕೈಗಿಟ್ಟು "ತಗೊಲ್ಲಿ" ಅಂದೆ. "ತಗೊಂಡೆ ಕಣಮ್ಮ" ಎಂದು ನಕ್ಕರು.

ಮಾರ್ಚ್ 17

ಬಂತು!

ಬೆಳಿಗ್ಗೆ ಮುಖ ತೊಳೆಯುವಾಗ, ಯಾವ ಪ್ರಯತ್ನವೂ ಇಲ್ಲದೆ, "ಬಳೆ". ಎಲ್ಲಿಂದಲೋ ಬಿದ್ದ ಹಾಗೆ. ಬಳೆ, ಕೊಳೆ, ಹೊಳೆ, ಸುಳ್ಳು, ಕಳ್ಳಿ. ಬಾಯಿ ತುಂಬ ಳ. ನಲ್ಲಿ ನಿಲ್ಲಿಸುವುದನ್ನೂ ಮರೆತು ಕುಣಿದೆ. ಅಮ್ಮ ಕೋಣೆಯಿಂದ "ಯಾರೇ ಅದು?" ಎಂದಳು. ಇನ್ಯಾರು ಇರುತ್ತಾರೆ ಈ ಮನೆಯಲ್ಲಿ!

ಮಾರ್ಚ್ 20

ಒಂದು ವಿಷಯ ಗೊತ್ತಾಯಿತು. ನಮ್ಮ ಭಾಷೆಯಲ್ಲಿ ಹೆಣ್ಣಿನ ಬಗ್ಗೆ ಏನೇ ಬರೆದರೂ ಕೊನೆಗೆ ಳು ಬರುತ್ತದೆ. ಬಂದಳು, ನಕ್ಕಳು, ಕೆಮ್ಮಿದಳು. ಆಡುಮಾತಿನಲ್ಲಿ ಎಲ್ಲರೂ ಬಂದ್ಲು, ಹೋದ್ಲು ಅಂದುಬಿಡುವುದರಿಂದ ನಾನು ಇಷ್ಟು ದಿನ ಗುಂಪಿನಲ್ಲಿ ಗೋವಿಂದ. "ಅಕ್ಕ ಹೋದ್ಲು" ಎಂದು ಎಷ್ಟು ಜನರಿಗೆ ಹೇಳಿದೆನೋ, ಯಾರಿಗೂ ತಪ್ಪು ಕಾಣಲಿಲ್ಲ. ಓದುವಾಗ ಮಾತ್ರ ಪೂರ್ತಿ ಅನ್ನಬೇಕು. ಹೋದಳು.

ನಾಲಿಗೆ ಅದೊಂದನ್ನು ಇನ್ನೂ ಅನ್ನುತ್ತಿಲ್ಲ.

ಮಾರ್ಚ್ 24, ಸೋಮವಾರ

ಅಕ್ಕನ ಸಣ್ಣ ಸ್ಟೀಲ್ ಲೋಟ ತೆಗೆದಿಟ್ಟುಕೊಂಡಿದ್ದೇನೆ. ಓದುವ ಮೊದಲು ಅದರಲ್ಲಿ ಬಿಸಿನೀರು ಕುಡಿದರೆ ಗಂಟಲು ಸಡಿಲವಾಗುತ್ತದೆ. ಅವಳ ಶಾಲನ್ನೂ ಹೊದೆಯುತ್ತೇನೆ, ನೆಲಮಾಳಿಗೆ ತಣ್ಣಗಿರುತ್ತದೆ.

ಇವತ್ತು ರಟ್ಟು ಮಡಿಸುವಾಗ ಎಡಗೈ ಮುಂದೆ ಬಂತು. ಬಲಗೈ ಬೆರಳು ಕಾಗದದಿಂದ ಕೊಯ್ದುಕೊಂಡಿತ್ತಲ್ಲ, ಅದಕ್ಕೇ ಇರಬೇಕು. ಕಾವಲುಗಾರ "ನೀರಿನ ತೊಟ್ಟಿ ಕಾಲಿ ಆಗೈತೆ" ಎಂದ. "ಖಾಲಿ" ಎಂದು ತಿದ್ದಿದೆ. ಅವನು ವಿಚಿತ್ರವಾಗಿ ನೋಡಿದ. ತಿದ್ದಿಸಿಕೊಂಡರೆ ಯಾರಿಗೆ ತಾನೇ ಹಿಡಿಸುತ್ತದೆ.

ಮಾರ್ಚ್ 29, ಶನಿವಾರ

ಕೆಲಸದಿಂದ ಬಂದು ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು ಎಂದಿನ ಹಾಗೆ, "ಅಮ್ಮಾ, ಒಳಗೆ ಬರ್ಲಾ?" ಎಂದೆ.

ಒಳಗೆ ಏನೋ ಬಿತ್ತು. ಹೋಗಿ ನೋಡಿದರೆ ಗುಂಡಿಗಳ ಡಬ್ಬ ನೆಲದ ಮೇಲೆ, ಗುಂಡಿಗಳೆಲ್ಲ ಉರುಳಾಡುತ್ತಿವೆ, ಅಮ್ಮ ಗೋಡೆಗೆ ಆತುಕೊಂಡು ನಿಂತಿದ್ದಾಳೆ.

"ನಾನಮ್ಮ," ಎಂದೆ.

"ಗೊತ್ತು," ಎಂದಳು. ಆದರೆ ನನ್ನನ್ನು ನೋಡಲಿಲ್ಲ. ಗುಂಡಿ ಆಯ್ದುಕೊಡಲು ಹೋದರೆ "ಬೇಡ, ನೀನ್ ಹೋಗು" ಎಂದಳು. ಖುಷಿಗೆ ಮಾತು ಬರಲಿಲ್ಲವೋ ಏನೋ. ಅಮ್ಮನಿಗೇ ಗುರುತು ಸಿಗಲಿಲ್ಲ ಅಂದಮೇಲೆ ಮೇಡಂ ಅವರದೇನು ಲೆಕ್ಕ!

ಏಪ್ರಿಲ್ 2, ಬುಧವಾರ

ಮಾತಿನ ಡಾಕ್ಟರು ಇಂದು ಬೇಸರದಲ್ಲಿದ್ದರು. ಒಂದು ಪುಟ ಓದಿಸಿದರು. ಓದಿ ಮುಗಿಸಿದ ಮೇಲೆ ಪುಟವನ್ನು ಮಗುಚಿಟ್ಟರು.

"ನಿಮ್ಮ ಳ ಸರಿಹೋಗಿ ಎರಡು ವಾರ ಆಯ್ತು. ಇನ್ನೂ ದಿನಾ ನಾಲ್ಕು ಗಂಟೆ ಏನ್ ಅಭ್ಯಾಸ ಮಾಡ್ತೀರಾ?"

ಅಕ್ಕ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ, ಅಲ್ಪವಿರಾಮದಲ್ಲಿ ಎಷ್ಟು ನಿಲ್ಲುತ್ತಾಳೆ, ಯಾವ ಪದಕ್ಕೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾಳೆ, ಎಲ್ಲ ಗುರುತು ಹಾಕಿಕೊಂಡಿದ್ದೇನೆ ಎಂದೆ. ಎಲ್ಲವೂ ಸೇರಬೇಕಲ್ಲ.

"ನೋಡಿ, ನಾನು ಳ ಕಲಿಸೋಕೆ ಒಪ್ಕೊಂಡಿದ್ದೆ. ನಿಮ್ಮಕ್ಕನ್ನ ಕಲಿಸೋಕಲ್ಲ. ನಾಳೆಯಿಂದ ಬರೋದು ಬೇಡ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಈ ಕೆಮ್ಮು ಯಾವಾಗಿಂದ?" ಎಂದು ಕೇಳಿದರು.

ಯಾವ ಕೆಮ್ಮು?

ಏಪ್ರಿಲ್ 8, ಮಂಗಳವಾರ

ಬಿಸಿನೀರು, ಎರಡು ಲೋಟ. ಅಭ್ಯಾಸ, ನಾಲ್ಕು ಗಂಟೆ. ಅಧ್ಯಾಯ ಮೂವತ್ತೊಂಬತ್ತು, ಎರಡು ಸಲ.

ಅಮ್ಮ ಇಂದೂ ಮಾತಾಡಲಿಲ್ಲ. ಊಟದ ತಟ್ಟೆಯನ್ನು ಕೋಣೆಗೇ ಒಯ್ದಳು. ಅವಳಿಗೆ ಪುಟ್ಟಿಯದೇ ಚಿಂತೆ.

ಏಪ್ರಿಲ್ 14, ಸೋಮವಾರ

ಕೋಣೆ ಅಳತೆಗೆ ಸರಿಯಾಗಿ ಒಬ್ಬಳು ಕೂರುವಷ್ಟು. ಗೋಡೆಗೆಲ್ಲ ಬೂದು ಸ್ಪಂಜು. ಮೇಜಿನ ಮೇಲೆ ಲೋಟ ಇಟ್ಟು ಇಟ್ಟು ಆದ ದುಂಡನೆಯ ಗುರುತು. ನನ್ನ ಲೋಟ ಅದರ ಮೇಲೆ ಸರಿಯಾಗಿ ಕೂತಿತು.

ಗಾಜಿನ ಆಚೆ ಹೆಡ್‌ಫೋನಣ್ಣ, ಅವರ ಹಿಂದೆ ಮೇಡಂ. ಕಿವಿಯಲ್ಲಿ ಅಕ್ಕ: "ತಾಯಿ ಬಾಗಿಲು ತೆರೆದು, ಒಳಗೆ ಬಾ ಎಂದು". ಅಲ್ಲಿಗೆ ಕೆಂಪು ದೀಪ ಹತ್ತಿತು.

"ಹೇಳಿದಳು" ಎಂದೆ.

ಒಂದೇ ಸಲಕ್ಕೆ. ಅಣ್ಣ ಎರಡನ್ನೂ ಸೇರಿಸಿ ಹಾಕಿದರು. ಹಿಂದೆ ಮುಂದೆ, ಹಿಂದೆ ಮುಂದೆ, ಏಳು ಸಲ ಕೇಳಿದರು. ಸೇರಿಕೆ ಎಲ್ಲಿ ಎಂದು ಅವರಿಗೇ ಗೊತ್ತಾಗದೆ ಪರದೆಯ ಮೇಲಿನ ಗೆರೆ ನೋಡಿ ಹುಡುಕಿದರು. ಮೇಡಂ ಕಣ್ಣೊರೆಸಿಕೊಂಡು, "ಹಳೇದನ್ನ ಅಳಿಸಲ್ಲ" ಎಂದರು.

ಸಂಜೆಯವರೆಗೆ ಓದಿದೆ. ನಡುವೆ ಒಂದು ಸಾಲಿನಲ್ಲಿ "ಹೋದಳು" ಬಂತು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಪೂರ್ತಿ ಹೇಳಿದೆ. ಅಳು ಬರಬೇಕಿತ್ತು, ಬರಲಿಲ್ಲ. ಯಾರ ಬಗ್ಗೆ ಹೇಳಿದೆ ಎಂದು ಯೋಚಿಸುತ್ತ ಒಂದು ಗಳಿಗೆ ಕೂತೆ, ಅಷ್ಟರಲ್ಲಿ ಕೆಮ್ಮು ಬಂತು. "ಅವರಿಗೂ ಹೀಗೇ ಬರ್ತಿತ್ತು. ಕತ್ತರಿಸ್ತೀನಿ ಬಿಡಿ," ಎಂದರು ಅಣ್ಣ.

ಏಪ್ರಿಲ್ 19, ಶನಿವಾರ

ಓದು ಗುರುವಾರವೇ ಮುಗಿದಿತ್ತು. ಶ್ರುತಿ ತಾತ ಇಲ್ಲೇ ಮೂಲೆಯ ಬೆಂಚಿನಲ್ಲಿ ಕೂತು ಮೂವತ್ತೆಂಟನೆಯ ಅಧ್ಯಾಯವನ್ನು ಮೊದಲಿಂದ ಕೇಳಿದರು. ಒಂದು ತಂತಿಯ ಶ್ರುತಿ ಕೂದಲೆಳೆಯಷ್ಟು ಇಳಿದರೂ ಹಿಡಿಯುವ ಕಿವಿ. ನಾನು ಪಕ್ಕದಲ್ಲಿ ನಿಂತಿದ್ದೆ. ಕೊನೆಗೆ ತಲೆಯಾಡಿಸಿದರು.

"ಒಳಗೆ ಬಂದ್ಲು. ಎಲ್ಲೂ ಜೋಡಣೆ ಗೊತ್ತಾಗ್ಲಿಲ್ಲ."

ಮುಂದಿನ ಭಾಗವನ್ನು ಅವರತ್ತ ಚಾಚಿ "ತಗೊಳ್ಳಿ ತಾತ" ಎಂದೆ.

ಅವರು ತೆಗೆದುಕೊಳ್ಳಲಿಲ್ಲ. ಮುಖವನ್ನು ನನ್ನ ಕಡೆ ತಿರುಗಿಸಿ ಕಿವಿಯೊಡ್ಡಿದರು. ಆಮೇಲೆ ಮೆಲ್ಲಗೆ, "ನೀವು ತೀರ್ಕೊಂಡ್ರಿ ಅಂತ ಹೇಳಿದ್ರಲ್ಲಮ್ಮ?" ಎಂದರು. "ಆ ಪುಟ್ಟ ಹುಡುಗಿ ಎಲ್ಲಿ, ನಿಮ್ ತಂಗಿ? ತಗೊಲ್ಲಿ ತಗೊಲ್ಲಿ ಅನ್ನೋಳು. ಅವಳಿಗೇನಾಯ್ತು?"

ನಾನೇ ತಾತ, ಎಂದೆ. ಅವರು ನಂಬಲಿಲ್ಲ. ನನ್ನ ಮುಖ ಅವರಿಗೆ ಕಾಣುವುದಿಲ್ಲವಲ್ಲ.

ಏಪ್ರಿಲ್ 20

ನಿನ್ನೆ ಮನೆಗೆ ಬಂದು ಅಮ್ಮನಿಗೆ ಇದನ್ನು ನಗುನಗುತ್ತಲೇ ಹೇಳಹೊರಟೆ. ಬಾಗಿಲ ಹೊರಗೆ ನಿಂತು ಒಳಗೆ ಬರ್ಲಾ ಎಂದದ್ದೇ ತಡ, ಅಮ್ಮ ಒಳಗಿನಿಂದ ಚಿಲಕ ಹಾಕಿಕೊಂಡಳು.

"ಅಮ್ಮ, ಯಾಕೆ?"

"ದೊಡ್ಡವಳು ಹೋದಾಗ ಹೆಂಗೋ ತಡ್ಕೊಂಡೆ ಕಣೆ. ನೀನೊಬ್ಬಳು ಇದ್ಯಲ್ಲ ಅಂತ. ಈಗ ದಿನಾ ಅವಳು ಬಾಗಿಲಿಗೆ ಬಂದು ಕರೀತಾಳೆ, ನೀನೆಲ್ಲೋ ಕಾಣಲ್ಲ." ಬಾಗಿಲಿಗೆ ಹಣೆ ಒತ್ತಿಕೊಂಡೇ ಮಾತಾಡುತ್ತಿದ್ದಿರಬೇಕು, ಮರ ಅವಳ ಅಳುವಿಗೆ ಅದುರುತ್ತಿತ್ತು. "ಒಂದ್ ಸಲ ಒಲಗೆ ಅನ್ನೇ, ಪುಟ್ಟಿ. ನೀನೇ ಅಂತ ಗೊತ್ತಾಗ್ಲಿ. ತೆಗೀತೀನಿ."

ಅಷ್ಟೇ ತಾನೇ. ಮೂವತ್ತೇಳು ವರ್ಷ ಅಂದಿದ್ದೇನೆ. ಬಾಯಿ ತೆರೆದೆ. "ಒಳಗೆ." ಮತ್ತೆ. "ಒಳಗೆ." ನಾಲಿಗೆ ತಾನಾಗಿ ಮೇಲಕ್ಕೆ ಹೋಗಿ ಮಡಿಸಿಕೊಳ್ಳುತ್ತದೆ. ಬೆರಳು ಹಾಕಿ ತುದಿಯನ್ನು ಕೆಳಕ್ಕೆ ಒತ್ತಿ ಹಿಡಿದು ಅಂದೆ. ಬೆರಳು ತೆಗೆದೊಡನೆ ಮತ್ತೆ ಮೇಲೆ.

ಇವತ್ತು ಬೆಳಿಗ್ಗೆಯಿಂದ ಕನ್ನಡಿಯ ಮುಂದೆ ಕೂತಿದ್ದೇನೆ. ಜೇನನ್ನು ಈಗ ಹಲ್ಲಿನ ಹಿಂದೆ ಹಚ್ಚಿಕೊಂಡು, ಚಮಚದಿಂದ ನಾಲಿಗೆಯನ್ನು ಕೆಳಗೆ ನೂಕಿ, ತಪ್ಪನ್ನು ಕಲಿಯುತ್ತಿದ್ದೇನೆ. ಬಲೆ. ಕೊಲೆ. ನಾಲೆ. ಮಧ್ಯಾಹ್ನ ಒಂದು ಸಲ ಸರಿಯಾಗಿ ಬಂತು. ಮರೆಯುವ ಮೊದಲೇ ಓಡಿಹೋಗಿ ಬಾಗಿಲ ಹೊರಗೆ ನಿಂತು ಹೇಳಿದೆ: "ಅಮ್ಮಾ, ಒಲಗೆ ಬರ್ಲಾ?"

ಚಿಲಕಕ್ಕೆ ಕೈ ಹಾಕಿದ ಸದ್ದು ಕೇಳಿಸಿತು. ಅಲ್ಲೇ ನಿಂತಿತು.

"ಹಾಗಲ್ಲ," ಎಂದಳು ಅಮ್ಮ. "ಇದು ಅವಳು ನಿನ್ನನ್ನ ಅಣಕಿಸ್ತಿದ್ಲಲ್ಲ, ಹಂಗಿದೆ."

ನಾನು ಅಲ್ಲೇ ಕೂತೆ. ಅಕ್ಕಾ, ಬಾಯಿ ಮುಚ್ಚು ಅಂದದ್ದು ತಪ್ಪಾಯಿತು, ಕ್ಷಮಿಸು, ಸಾಕು ಬಿಡು ಎಂದು ಬೇಡಿಕೊಂಡೆ. ಗಟ್ಟಿಯಾಗಿ ಅನ್ನಲು ಭಯವಾಯಿತು, ಯಾರ ದನಿಯಲ್ಲಿ ಹೊರಬರುತ್ತದೋ ಎಂದು. ಮನಸ್ಸಿನಲ್ಲೇ ಅಂದೆ.

ಸಂಜೆ ಮತ್ತೆ ಹೋದೆ. ಈ ಸಲ ಮಾತಾಡಲಿಲ್ಲ, ಬೆರಳಿನಿಂದ ಮೆಲ್ಲಗೆ ತಟ್ಟಿದೆ.

"ಯಾರು?" ಎಂದಳು ಅಮ್ಮ.

ಉತ್ತರ ಕೊಡುವ ಮೊದಲು ನಾಲಿಗೆ ಎಲ್ಲಿದೆ ಎಂದು ನೋಡಿಕೊಂಡೆ. ಕೆಳಗಿನ ಹಲ್ಲಿನ ಹಿಂದೆ ನನ್ನ ಮನೆ ಖಾಲಿಯಿತ್ತು. ನಾಲಿಗೆ ಮೇಲಿತ್ತು, ಮಡಿಸಿಕೊಂಡು, ಮಾತಿಗೆ ಕಾಯುತ್ತಿತ್ತು.